ಎರ್ಫರ್ಟಿನಲ್ಲಿ ಕಾಲ ಬಳಿ ಬಿದ್ದ ಹೂಗುಚ್ಛ

2020ರ ಫೆಬ್ರುವರಿ 5. ಜರ್ಮನಿಯ ನಡುಭಾಗದ ಥುರಿಂಗಿಯಾ ಎಂಬ ಸಣ್ಣ ರಾಜ್ಯದ ರಾಜಧಾನಿ ಎರ್ಫರ್ಟ್. ಅಲ್ಲಿನ ವಿಧಾನಸಭೆಯಲ್ಲಿ ಆಗಷ್ಟೇ ಹೊಸ ಮುಖ್ಯಮಂತ್ರಿ ಆಯ್ಕೆಯಾಗಿದ್ದಾರೆ. ಸದಸ್ಯರು ಒಬ್ಬೊಬ್ಬರಾಗಿ ಬಂದು ಕೈ ಕುಲುಕುತ್ತಿದ್ದಾರೆ. ಎಡ ಪಕ್ಷದ ನಾಯಕಿ ಸುಸಾನ್ನೆ ಹೆನ್ನಿಗ್-ವೆಲ್ಸೊ ಕೂಡ ಹೂಗುಚ್ಛ ಹಿಡಿದು ಬರುತ್ತಾರೆ. ಆದರೆ ಅದನ್ನು ಮುಖ್ಯಮಂತ್ರಿಯ ಕೈಗೆ ಕೊಡುವುದಿಲ್ಲ. ಅವರ ಕಾಲ ಬಳಿ ಕೆಡವಿ, ಚೂರು ತಲೆಬಾಗಿಸಿ, ತಿರುಗಿ ನಡೆದುಬಿಡುತ್ತಾರೆ.

ಆ ವಿಡಿಯೊವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪಂಚಾಯಿತಿ ಅಧ್ಯಕ್ಷರ ಆಯ್ಕೆ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತು ಯಾರು ಯಾರಿಗೆ ಕೈ ಎತ್ತಿದರು ಎಂದು ಚೀಟಿಯಲ್ಲಿ ಬರೆದುಕೊಳ್ಳುವುದು ನನ್ನಂಥ ಸ್ಟ್ರಿಂಗರ್‌ನ ಕೆಲಸ. ಹಾಗಾಗಿ ನನಗೆ ಹೂವಿಗಿಂತ ಮೊದಲು ಕುತೂಹಲ ಹುಟ್ಟಿಸಿದ್ದು ಮತಗಳ ಲೆಕ್ಕ. ಗೆದ್ದ ಥಾಮಸ್ ಕೆಮ್ಮೆರಿಶ್ ಅವರದು ಎಫ್‌ಡಿಪಿ ಎಂಬ ಉದಾರವಾದಿ ಪಕ್ಷ. ವಿಧಾನಸಭೆಗೆ ಬರಲು ಬೇಕಾದ ಶೇ 5ರ ಗೆರೆಯನ್ನು ಆ ಪಕ್ಷ ದಾಟಿದ್ದು ಇಡೀ ರಾಜ್ಯದಲ್ಲಿ ಬರೀ 73 ಮತಗಳಿಂದ. ಸಭೆಯಲ್ಲಿ ಅದಕ್ಕಿದ್ದದ್ದು 5 ಸ್ಥಾನ. ಆದರೂ ಮೂರನೇ ಸುತ್ತಿನಲ್ಲಿ ಅವರಿಗೆ 45 ಮತ ಬಂದವು. ಎಡ ಪಕ್ಷದ ಹಾಲಿ ಮುಖ್ಯಮಂತ್ರಿ ಬೋಡೊ ರಾಮೆಲೊ ಅವರಿಗೆ 44. ಬಲಪಂಥೀಯ ಎಎಫ್‌ಡಿ, ಅಂದರೆ 'ಜರ್ಮನಿಗೆ ಪರ್ಯಾಯ' ಎಂಬ ಪಕ್ಷ, ತನ್ನದೇ ಅಭ್ಯರ್ಥಿಯನ್ನು ಕಣದಲ್ಲಿ ನಿಲ್ಲಿಸಿತ್ತು. ಆ ಸುತ್ತಿನಲ್ಲಿ ಆತನಿಗೆ ಬಂದ ಮತ ಸೊನ್ನೆ. ಎಎಫ್‌ಡಿಯ ಮತಗಳೆಲ್ಲ ಗುಪ್ತವಾಗಿ ಕೆಮ್ಮೆರಿಶ್ ಪೆಟ್ಟಿಗೆಗೆ ಬಿದ್ದಿದ್ದವು. ಮಧ್ಯ-ಬಲಪಂಥದ ದೊಡ್ಡ ಪಕ್ಷ ಸಿಡಿಯುನ ಸದಸ್ಯರೂ ಅವರಿಗೇ ಮತ ಹಾಕಿದ್ದರು.

ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿದ್ದ ಚಾನ್ಸಲರ್ ಏಂಜೆಲಾ ಮರ್ಕೆಲ್, ಇದು ಕ್ಷಮಿಸಲಾಗದ ಕೆಲಸ ಎಂದರು. ಕೆಮ್ಮೆರಿಶ್ ಮರುದಿನವೇ ಹುದ್ದೆ ಬಿಡುವುದಾಗಿ ಹೇಳಿದರು. ಐದು ದಿನ ಕಳೆಯುವಷ್ಟರಲ್ಲಿ ಸಿಡಿಯು ರಾಷ್ಟ್ರೀಯ ಅಧ್ಯಕ್ಷೆ ಆನೆಗ್ರೆಟ್ ಕ್ರಾಂಪ್-ಕಾರೆನ್‌ಬೌವರ್ ಕೂಡ ಅಧ್ಯಕ್ಷ ಸ್ಥಾನ ಬಿಡುವ ನಿರ್ಧಾರ ಪ್ರಕಟಿಸಿದರು. ಕೇವಲ 21 ಲಕ್ಷ ಜನರ ರಾಜ್ಯದ ಒಂದು ಮತದಾನ ಮರ್ಕೆಲ್ ಉತ್ತರಾಧಿಕಾರಿಯ ದಾರಿಯನ್ನೇ ಮುಚ್ಚಿತು.

ಇಷ್ಟೊಂದು ಗದ್ದಲ ಯಾಕೆ ಎನ್ನುವುದಕ್ಕೆ ಉತ್ತರ ಬೇಕಾದರೆ ಇದೇ ರಾಜ್ಯದ 90 ವರ್ಷ ಹಿಂದಿನ ಕಡತ ತೆಗೆಯಬೇಕು. 1929ರ ಡಿಸೆಂಬರ್ ಚುನಾವಣೆಯಲ್ಲಿ ಥುರಿಂಗಿಯಾದಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 11.3 ಮತ, 53ರಲ್ಲಿ 6 ಸ್ಥಾನ. ಆರು ಜನ ಏನು ಮಾಡಲು ಸಾಧ್ಯ? ಆದರೆ ರೈತರ ಪಕ್ಷ, ವ್ಯಾಪಾರಿಗಳ ಪಕ್ಷ, ರಾಷ್ಟ್ರೀಯವಾದಿಗಳು ಎಲ್ಲ ಸೇರಿದರೂ ಸಮಾಜವಾದಿಗಳನ್ನು ಹೊರಗಿಟ್ಟು ಸರ್ಕಾರ ಮಾಡಲು ಈ ಆರು ಜನ ಬೇಕಾಗಿತ್ತು. ಹಿಟ್ಲರ್ ಕೇಳಿದ್ದು ಎರಡೇ ಖಾತೆ: ಗೃಹ ಮತ್ತು ಶಿಕ್ಷಣ. ಒಂದರಲ್ಲಿ ಪೊಲೀಸರು, ಇನ್ನೊಂದರಲ್ಲಿ ಶಾಲೆಗಳು. ಹಣಕಾಸು ಯಾರಾದರೂ ಇಟ್ಟುಕೊಳ್ಳಲಿ.

1930ರ ಜನವರಿಯಲ್ಲಿ ಆ ಎರಡೂ ಖಾತೆಗಳನ್ನು ಹಿಡಿದು ಕೂತವರು ವಿಲ್‌ಹೆಲ್ಮ್ ಫ್ರಿಕ್. 1923ರ ಮ್ಯೂನಿಕ್ ದಂಗೆಯಲ್ಲಿ ದೇಶದ್ರೋಹದ ಶಿಕ್ಷೆಯಾಗಿದ್ದ ಮನುಷ್ಯ. ಜರ್ಮನಿಯ ಯಾವುದೇ ರಾಜ್ಯದಲ್ಲಿ ಮಂತ್ರಿಯಾದ ಮೊದಲ ನಾಜಿ. ಜಾಜ್ ಸಂಗೀತದ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿದರು. ಯೇನಾ ವಿಶ್ವವಿದ್ಯಾಲಯದಲ್ಲಿ ಜನಾಂಗ ಸಿದ್ಧಾಂತಿ ಹಾನ್ಸ್ ಗ್ಯುಂಟರ್‌ಗೆ ಪ್ರಾಧ್ಯಾಪಕ ಹುದ್ದೆ ಕೊಡಿಸಿದರು. ಆಗ ಹಿಟ್ಲರ್‌ಗೆ ಜರ್ಮನ್ ಪೌರತ್ವ ಇರಲಿಲ್ಲ. ಸರ್ಕಾರಿ ನೌಕರನಾದರೆ ಪೌರತ್ವ ತಾನಾಗಿ ಬರುತ್ತದೆ ಎಂಬ ಲೆಕ್ಕದಲ್ಲಿ ಫ್ರಿಕ್ ಅವರನ್ನು ಹಿಲ್ಡ್‌ಬುರ್ಗ್‌ಹೌಸನ್ ಎಂಬ ಪುಟ್ಟ ಪೇಟೆಯ ಪೊಲೀಸ್ ಅಧಿಕಾರಿ ಮಾಡಲು ಹೊರಟಿದ್ದರು. ಹಿಟ್ಲರ್ ಒಪ್ಪಲಿಲ್ಲ; ಆಮೇಲೆ ಇಡೀ ದೇಶ ನಕ್ಕಿತು. ನಗುವುದಕ್ಕೆ ಕಾರಣವೂ ಇತ್ತು. 1931ರ ಏಪ್ರಿಲ್ 1ರಂದು ಅವಿಶ್ವಾಸ ನಿರ್ಣಯದಲ್ಲಿ ಫ್ರಿಕ್ ಕುರ್ಚಿ ಕಳೆದುಕೊಂಡಾಗ ಕತೆ ಮುಗಿಯಿತು ಎಂದೇ ಬಹಳ ಜನ ಅಂದುಕೊಂಡರು. ಮರುವರ್ಷ ಜುಲೈನಲ್ಲಿ ಅದೇ ರಾಜ್ಯದಲ್ಲಿ ನಾಜಿಗಳಿಗೆ ಶೇ 42.5 ಮತ ಬಂತು.

2020ರಲ್ಲಿ ಹೂ ಕೆಡವಿದವರಿಗೂ, ರಾಜೀನಾಮೆ ಕೊಟ್ಟವರಿಗೂ ಇದು ಬಾಯಿಪಾಠ. ಹಾಗೆಂದು ಎಎಫ್‌ಡಿಯನ್ನು ನಾಜಿ ಪಕ್ಷದ ಪಕ್ಕ ಇಟ್ಟು ಎರಡೂ ಒಂದೇ ಎನ್ನುವುದು ಸೋಮಾರಿತನ. ಅಂದು ಬೀದಿಯಲ್ಲಿ ಖಾಸಗಿ ಸೇನೆ ಇತ್ತು, 60 ಲಕ್ಷ ನಿರುದ್ಯೋಗಿಗಳಿದ್ದರು. ಇಂದು ಅವೆರಡೂ ಇಲ್ಲ. ಹೋಲಿಸಬೇಕಾದದ್ದು ಆ ಎರಡು ಪಕ್ಷಗಳನ್ನಲ್ಲ, ಅವುಗಳ ಅಕ್ಕಪಕ್ಕದಲ್ಲಿ ಕೂತ ಇತರ ಪಕ್ಷಗಳನ್ನು.

ಯುದ್ಧಾನಂತರದ ಪಶ್ಚಿಮ ಜರ್ಮನಿ ಈ ಅಕ್ಕಪಕ್ಕದವರ ವಿಷಯದಲ್ಲಿ ಬಿಗಿಯಾಗಿಯೇ ಇತ್ತು. ಹಳೆ ನಾಜಿಗಳು ಕಟ್ಟಿದ ಸಮಾಜವಾದಿ ರೈಷ್ ಪಕ್ಷ 1951ರಲ್ಲಿ ಲೋವರ್ ಸ್ಯಾಕ್ಸನಿಯಲ್ಲಿ ಶೇ 11 ಮತ ಪಡೆದಾಗ, ಮರುವರ್ಷವೇ ಸಾಂವಿಧಾನಿಕ ನ್ಯಾಯಾಲಯ ಅದನ್ನು ನಿಷೇಧಿಸಿತು. 1964ರಲ್ಲಿ ಹುಟ್ಟಿದ ಎನ್‌ಪಿಡಿ ಏಳು ರಾಜ್ಯಗಳ ವಿಧಾನಸಭೆ ಹೊಕ್ಕು, 1969ರ ಸಂಸತ್ ಚುನಾವಣೆಯಲ್ಲಿ ಶೇ 4.3ಕ್ಕೆ ನಿಂತಿತು. ಬವೇರಿಯಾದ ನಾಯಕ ಫ್ರಾನ್ಸ್ ಯೋಸೆಫ್ ಸ್ಟ್ರೌಸ್, ತಮ್ಮ ಪಕ್ಷದ ಬಲಬದಿಗೆ ಮತ್ತೊಂದು ಪಕ್ಷಕ್ಕೆ ಜಾಗವೇ ಉಳಿಯಬಾರದು ಎನ್ನುತ್ತಿದ್ದರು. ಆ ಜಾಗ ತುಂಬಲು ತಾವೇ ಆಗಾಗ ಬಲಕ್ಕೆ ಸರಿಯುತ್ತಿದ್ದರು ಅನ್ನುವುದು ಬೇರೆ ಮಾತು. 1989ರಲ್ಲಿ ಫ್ರಾನ್ಸ್ ಶ್ಯೋನ್‌ಹೂಬರ್ ಎಂಬ ಟಿವಿ ಪತ್ರಕರ್ತನ ರಿಪಬ್ಲಿಕನರ್ ಪಕ್ಷ ಪಶ್ಚಿಮ ಬರ್ಲಿನ್‌ನಲ್ಲಿ ಶೇ 7.5, ಯುರೋಪಿಯನ್ ಚುನಾವಣೆಯಲ್ಲಿ ಶೇ 7.1 ಗಳಿಸಿತು. (ಈತ ಹಿಟ್ಲರನ ವಾಫೆನ್-ಎಸ್‌ಎಸ್ ಪಡೆಯಲ್ಲಿದ್ದವನು. ನಮ್ಮ ವೃತ್ತಿಯವರಿಗೆ ಜನರ ನಾಡಿ ಗೊತ್ತು ಎನ್ನುವ ಮಾತಿಗೆ ಇಂಥ ಉದಾಹರಣೆಗಳೂ ಇವೆ.) ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು, 1990ರಲ್ಲಿ ಆ ಪಕ್ಷ ಶೇ 2.1ಕ್ಕೆ ಇಳಿಯಿತು. ಬಂದರು, ಹೋದರು.

ಎಎಫ್‌ಡಿ ಬಂದು ಹೋಗಲಿಲ್ಲ. ಕಾರಣಗಳಲ್ಲಿ ಒಂದು, ಅದು ಹುಟ್ಟುವಾಗ ಯಾರಿಗೂ ಹಾಗೆ ಕಾಣಲಿಲ್ಲ. 2013ರ ಫೆಬ್ರುವರಿಯಲ್ಲಿ ಫ್ರಾಂಕ್‌ಫರ್ಟ್ ಬಳಿಯ ಓಬರ್‌ಊರ್ಸೆಲ್‌ನಲ್ಲಿ ಅದನ್ನು ಕಟ್ಟಿದ್ದು ಬೆರಳೆಣಿಕೆಯ ಜನ. ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಬರ್ನ್ಡ್ ಲುಕೆ, ಹಿರಿಯ ಪತ್ರಕರ್ತ ಕೊನ್ರಾಡ್ ಆಡಮ್, ದಶಕಗಳ ಕಾಲ ಸಿಡಿಯುನಲ್ಲಿದ್ದ ಅಲೆಕ್ಸಾಂಡರ್ ಗೌಲಾಂಡ್. ಅವರ ತಕರಾರು ಯೂರೊ ಕರೆನ್ಸಿ ಮತ್ತು ಗ್ರೀಸ್‌ಗೆ ಕೊಟ್ಟ ಸಾಲ. ಸಾಲ ಕೊಡುವುದಕ್ಕೆ ಪರ್ಯಾಯವೇ ಇಲ್ಲ ಎಂದು ಮರ್ಕೆಲ್ ಹೇಳುತ್ತಿದ್ದರಲ್ಲ, ಪಕ್ಷದ ಹೆಸರಿನಲ್ಲಿರುವ 'ಪರ್ಯಾಯ' ಅದಕ್ಕೆ ಕೊಟ್ಟ ಉತ್ತರ. ಆ ವರ್ಷದ ಸಂಸತ್ ಚುನಾವಣೆಯಲ್ಲಿ ಶೇ 4.7 ಬಂತು. ಗೆರೆ ದಾಟಲಿಲ್ಲ.

ಆಮೇಲಿನದು ಸರದಿಯ ಕತೆ. 2015ರ ಜುಲೈನಲ್ಲಿ ಲುಕೆಯನ್ನು ಸೋಲಿಸಿ ಫ್ರೌಕೆ ಪೆಟ್ರಿ ಅಧ್ಯಕ್ಷೆಯಾದರು, ಲುಕೆ ಪಕ್ಷ ಬಿಟ್ಟರು. ಕೆಲವೇ ವಾರಗಳಲ್ಲಿ ಸಿರಿಯಾ, ಇರಾಕ್, ಅಫ್ಗಾನಿಸ್ತಾನದಿಂದ ಜನ ಬರತೊಡಗಿದರು. ಆ ವರ್ಷ ಜರ್ಮನಿ ತಲುಪಿದ ಆಶ್ರಯಾರ್ಥಿಗಳು ಸುಮಾರು 8.9 ಲಕ್ಷ. ಆ ಬಿಕ್ಕಟ್ಟನ್ನು ತಮ್ಮ ಪಕ್ಷಕ್ಕೆ ಸಿಕ್ಕ ಉಡುಗೊರೆ ಎಂದು ಗೌಲಾಂಡ್ ಮುಚ್ಚುಮರೆ ಇಲ್ಲದೆ ಹೇಳಿದರು. 2017ರಲ್ಲಿ ಪಕ್ಷ ಶೇ 12.6 ಮತ, 94 ಸ್ಥಾನಗಳೊಂದಿಗೆ ಸಂಸತ್ತಿಗೆ ಬಂತು. ಫಲಿತಾಂಶದ ಮರುದಿನ ಬೆಳಗ್ಗೆ ಪತ್ರಿಕಾಗೋಷ್ಠಿಯಲ್ಲಿ, ಗೆದ್ದ ಪಕ್ಷದ ಅಧ್ಯಕ್ಷೆ ಪೆಟ್ರಿಯೇ ತಾನು ಈ ಗುಂಪಿನಲ್ಲಿ ಕೂರುವುದಿಲ್ಲ ಎಂದು ಎದ್ದು ಹೊರನಡೆದರು. ನಂತರ ಪಕ್ಷದ ಮುಖವಾಗಿದ್ದ ಯೋರ್ಗ್ ಮಾಯ್ಥೆನ್ 2022ರ ಜನವರಿಯಲ್ಲಿ ಬಿಟ್ಟರು. ಅವರೂ ಅರ್ಥಶಾಸ್ತ್ರದ ಪ್ರಾಧ್ಯಾಪಕರೇ. ಮೂವರೂ ತಮಗಿಂತ ಬಲಕ್ಕಿದ್ದವರನ್ನು ಮತಕ್ಕಾಗಿ ಒಳಗೆ ಬಿಟ್ಟುಕೊಂಡರು, ಕೊನೆಗೆ ಅವರಿಂದಲೇ ಬಾಗಿಲಾಚೆ ಬಿದ್ದರು.

ಆ ಬಲಬದಿಯ ಕೇಂದ್ರ ಥುರಿಂಗಿಯಾ. ಅದರ ನಾಯಕ ಬ್ಯೋರ್ನ್ ಹ್ಯೋಕೆ ಅಲ್ಲಿನವರಲ್ಲ, ಪಶ್ಚಿಮದಿಂದ ಬಂದ ಹೈಸ್ಕೂಲು ಇತಿಹಾಸ ಮೇಷ್ಟ್ರು. ಬರ್ಲಿನ್‌ನಲ್ಲಿರುವ ಯೆಹೂದಿ ಹತ್ಯಾಕಾಂಡದ ಸ್ಮಾರಕವನ್ನು ನಾಚಿಕೆಯ ಸ್ಮಾರಕ ಎಂದು 2017ರಲ್ಲಿ ಕರೆದವರು. ನಾಜಿಗಳ ಎಸ್‌ಎ ಪಡೆಯ ಘೋಷಣೆ ಕೂಗಿದ್ದಕ್ಕೆ 2024ರಲ್ಲಿ ಹಾಲೆ ನ್ಯಾಯಾಲಯ ಎರಡು ಸಲ ದಂಡ ಹಾಕಿತು. ಅದು ಯಾರ ಘೋಷಣೆ ಎಂದು ಗೊತ್ತಿರಲಿಲ್ಲ ಎಂಬುದು ಇತಿಹಾಸ ಮೇಷ್ಟ್ರ ವಾದ.

ಇಂಥವರಿಗೆ ಜನ ಯಾಕೆ ಮತ ಹಾಕುತ್ತಾರೆ? ಎಲ್ಲರೂ ಕೊಡುವ ಉತ್ತರ ಪೂರ್ವ ಜರ್ಮನಿಯ ಗಾಯ. ಆ ಗಾಯ ಸುಳ್ಳಲ್ಲ. ಥುರಿಂಗಿಯಾದ ಬಿಷೋಫರೋಡೆ ಎಂಬಲ್ಲಿ ಪೊಟ್ಯಾಷ್ ಗಣಿ ಇತ್ತು. ನಮ್ಮ ರೈತರು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದ ಮೂಲ ಅಂಥ ಗಣಿಗಳೇ. ದೇಶ ಒಂದಾದ ಮೇಲೆ ಸರ್ಕಾರಿ ಉದ್ದಿಮೆಗಳನ್ನು ಮಾರಲು ನೇಮಿಸಿದ್ದ ಟ್ರಾಯ್‌ಹ್ಯಾಂಡ್ ಸಂಸ್ಥೆ, ಪೂರ್ವದ ಪೊಟ್ಯಾಷ್ ಉದ್ಯಮವನ್ನು ಪಶ್ಚಿಮದ ಕಂಪನಿಯೊಂದಿಗೆ ವಿಲೀನ ಮಾಡಿ ಈ ಗಣಿ ಮುಚ್ಚಲು ತೀರ್ಮಾನಿಸಿತು. 1993ರ ಜುಲೈ 1ರಿಂದ ಗಣಿ ಕಾರ್ಮಿಕರು ಉಪವಾಸ ಕೂತರು. ತಮ್ಮ ಗಣಿಯ ಸರಕಿಗೆ ಗಿರಾಕಿಗಳಿದ್ದಾರೆ, ಪೈಪೋಟಿ ತಪ್ಪಿಸಲೆಂದೇ ಮುಚ್ಚುತ್ತಿದ್ದಾರೆ ಎನ್ನುವುದು ಅವರ ದೂರು. ದೇಶದ ಮೂಲೆ ಮೂಲೆಯಿಂದ ಜನ ಬೆಂಬಲಕ್ಕೆ ಬಂದರು. ಆ ವರ್ಷದ ಕೊನೆಯ ದಿನ ಗಣಿ ಮುಚ್ಚಿತು. ವಯಸ್ಸಿನ ಹುಡುಗ ಹುಡುಗಿಯರು ಪಶ್ಚಿಮಕ್ಕೆ ಹೊರಟರು. 1990ರಲ್ಲಿ 26 ಲಕ್ಷವಿದ್ದ ರಾಜ್ಯದ ಜನಸಂಖ್ಯೆ ಈಗ 21 ಲಕ್ಷ.

ಆದರೆ ಈ ಕತೆಯಿಂದ ಲೆಕ್ಕ ಪೂರ್ತಿ ತಾಳೆಯಾಗುವುದಿಲ್ಲ. ಬಿಷೋಫರೋಡೆ ಇರುವುದು ಐಕ್ಸ್‌ಫೆಲ್ಡ್ ಎಂಬ ಕ್ಯಾಥೊಲಿಕ್ ಪ್ರದೇಶದಲ್ಲಿ. ಹ್ಯೋಕೆ ಮನೆ ಮಾಡಿದ್ದೂ ಅಲ್ಲೇ. 2014 ಮತ್ತು 2019ರ ವಿಧಾನಸಭಾ ಚುನಾವಣೆಗಳಲ್ಲಿ ಅವರು ಅಲ್ಲಿ ನಿಂತು ಸೋತರು. ಪಕ್ಷದ ಪಟ್ಟಿಯ ಮೂಲಕ ಶಾಸಕರಾದರು. ಇನ್ನೊಂದು, ಗಣಿ ಮುಚ್ಚಿದ ಸಿಟ್ಟು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೋಗುತ್ತಿದ್ದದ್ದು ಎಡ ಪಕ್ಷದ ಕಡೆಗೆ. 2019ರಲ್ಲೂ ಥುರಿಂಗಿಯಾದಲ್ಲಿ ಶೇ 31 ಮತ ಪಡೆದು ಮೊದಲ ಸ್ಥಾನದಲ್ಲಿದ್ದದ್ದು ರಾಮೆಲೊ ಅವರ ಆ ಪಕ್ಷವೇ. ಸಿಟ್ಟು ಹಳೆಯದು, ಅದು ಹರಿದ ಕಾಲುವೆ ಹೊಸದು.

ಕಾಲುವೆ ಕಾಣಬೇಕಾದರೆ ಸೊನ್ನೆಬರ್ಗ್ ಜಿಲ್ಲೆಗೆ ಹೋಗಬೇಕು. ಹಿಟ್ಲರನಿಗೆ ಪೊಲೀಸ್ ಕೆಲಸ ಕೊಡಲು ಹೊರಟಿದ್ದ ಹಿಲ್ಡ್‌ಬುರ್ಗ್‌ಹೌಸನ್ ಪಕ್ಕದ್ದು. ಆಟಿಕೆ ತಯಾರಿಕೆಗೆ ಹೆಸರಾದ ಊರು, ಜನಸಂಖ್ಯೆ ಸುಮಾರು 57 ಸಾವಿರ, ಗಡಿಯಾಚೆ ಬವೇರಿಯಾ. ಬಹಳ ಜನ ದಿನಾ ಅಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. 2023ರ ಜೂನ್ 25ರಂದು ಇಲ್ಲಿ ಎಎಫ್‌ಡಿಯ ರಾಬರ್ಟ್ ಸೆಸಲ್‌ಮನ್ ಶೇ 52.8 ಮತ ಪಡೆದು ಜಿಲ್ಲಾ ಆಡಳಿತದ ಮುಖ್ಯಸ್ಥರಾದರು. ಎಎಫ್‌ಡಿಗೆ ದೇಶದಲ್ಲಿ ಸಿಕ್ಕ ಮೊದಲ ಜಿಲ್ಲೆ. ಪ್ರಚಾರದಲ್ಲಿ ಚರ್ಚೆಯಾದದ್ದು ಉಕ್ರೇನ್ ಯುದ್ಧ, ಗ್ಯಾಸ್ ಹೀಟರ್ ಕಾನೂನು, ವಲಸೆ. ಜಿಲ್ಲಾ ಮುಖ್ಯಸ್ಥರ ಕೈಯಲ್ಲಿರುವುದು ಕಸ ವಿಲೇವಾರಿ, ಶಾಲಾ ಬಸ್ಸು, ಕಟ್ಟಡ ಪರವಾನಗಿ. ಎದುರಾಳಿ ಸಿಡಿಯು ಅಭ್ಯರ್ಥಿಯನ್ನು ಉಳಿದ ಪಕ್ಷಗಳು ಬೆಂಬಲಿಸಿದ್ದವು. ಎಲ್ಲರೂ ಒಂದಾಗಿ ಒಬ್ಬನನ್ನು ತಡೆಯುತ್ತಿದ್ದಾರೆ ಎಂಬುದೇ ಅವನ ಪರವಾದ ಭಾಷಣವಾಯಿತು. ಈ ತೊಡಕಿಗೆ ಜರ್ಮನ್ ಪಕ್ಷಗಳ ಬಳಿ ಇನ್ನೂ ಉತ್ತರವಿಲ್ಲ.

ಎಎಫ್‌ಡಿಯೊಂದಿಗೆ ಕೈಜೋಡಿಸುವುದಿಲ್ಲ ಎಂಬ ಒಪ್ಪಂದವನ್ನು ಅಲ್ಲಿ 'ಬೆಂಕಿ ತಡೆಗೋಡೆ' ಎನ್ನುತ್ತಾರೆ. ಅದರಿಂದ ಕಲ್ಲು ಉದುರಿದ್ದು ದೊಡ್ಡ ಘೋಷಣೆಗಳಿಂದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಥುರಿಂಗಿಯಾದ ಸಿಡಿಯು, ಆಸ್ತಿ ಖರೀದಿ ತೆರಿಗೆಯನ್ನು ಶೇ 6.5ರಿಂದ 5ಕ್ಕೆ ಇಳಿಸುವ ಮಸೂದೆಯನ್ನು ಎಎಫ್‌ಡಿ ಮತಗಳ ನೆರವಿನಿಂದ ಪಾಸು ಮಾಡಿತು. ಮನೆ ಕಟ್ಟುವವರ ತೆರಿಗೆ ಕಡಿಮೆಯಾಗುವುದನ್ನು ಯಾರು ಬೇಡ ಅಂತಾರೆ? 2025ರ ಜನವರಿ 29ರಂದು ಬರ್ಲಿನ್ ಸಂಸತ್ತಿನಲ್ಲೇ ಸಿಡಿಯು ನಾಯಕ ಫ್ರೀಡ್ರಿಷ್ ಮೆರ್ಟ್ಸ್ ತಂದ ವಲಸೆ ನಿರ್ಣಯ 348–344ರಲ್ಲಿ ಗೆದ್ದಿತು, ಎಎಫ್‌ಡಿ ಮತಗಳಿಂದ. ಮೂರು ವಾರಗಳ ನಂತರ ನಡೆದ ಚುನಾವಣೆಯಲ್ಲಿ ಎಎಫ್‌ಡಿ ಶೇ 20.8 ಮತ, 152 ಸ್ಥಾನಗಳೊಂದಿಗೆ ದೇಶದ ಎರಡನೇ ದೊಡ್ಡ ಪಕ್ಷವಾಯಿತು. ಥುರಿಂಗಿಯಾದಲ್ಲಿ ಅದರ ಪಾಲು ಶೇ 38.6. ಭಾರತದಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಲು ಹೋಗುವ ಇಲ್ಮೆನೌ ತಾಂತ್ರಿಕ ವಿಶ್ವವಿದ್ಯಾಲಯ ಇರುವುದೂ ಇದೇ ರಾಜ್ಯದಲ್ಲಿ.

ಅಷ್ಟರಲ್ಲಿ ಎರ್ಫರ್ಟ್ ವಿಧಾನಸಭೆಯ ಚಿತ್ರವೂ ಬದಲಾಗಿತ್ತು. 2024ರ ಸೆಪ್ಟೆಂಬರ್ 1ರಂದು ಎಎಫ್‌ಡಿ ಶೇ 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ನಾಜಿ ಕಾಲದ ನಂತರ ತೀವ್ರ ಬಲಪಂಥದ ಪಕ್ಷವೊಂದು ಜರ್ಮನಿಯ ರಾಜ್ಯವೊಂದರಲ್ಲಿ ಮೊದಲಿಗನಾದದ್ದು ಇದೇ ಮೊದಲು. ಈ ಸಲ ಯಾರೂ ಅದರೊಂದಿಗೆ ಕೈ ಕುಲುಕಲಿಲ್ಲ. ಸಿಡಿಯು ಇನ್ನೆರಡು ಪಕ್ಷಗಳನ್ನು ಸೇರಿಸಿಕೊಂಡು ಸರ್ಕಾರ ಮಾಡಲು ಹೊರಟಾಗ ಸಿಕ್ಕಿದ್ದು 88ರಲ್ಲಿ 44 ಸ್ಥಾನ, ಸರಿಯಾಗಿ ಅರ್ಧ. ಡಿಸೆಂಬರ್ 12ರಂದು ಮಾರಿಯೊ ಫೋಗ್ಟ್ ಮೊದಲ ಸುತ್ತಿನಲ್ಲೇ 51 ಮತ ಪಡೆದು ಮುಖ್ಯಮಂತ್ರಿಯಾದರು. ಹೆಚ್ಚಿನ ಏಳು ಮತ ಯಾರವು? ಮತದಾನ ಗುಪ್ತ, ಹಾಗಾಗಿ ನಿಮ್ಮಂತೆ ನಾನೂ ಊಹಿಸಬಹುದು ಅಷ್ಟೆ. ಆದರೆ ಸಿಡಿಯು ತನ್ನ ಪಕ್ಷದ ನಿರ್ಣಯದಲ್ಲಿ ಎಎಫ್‌ಡಿಯಂತೆಯೇ ದೂರವಿಟ್ಟಿರುವ ಎಡ ಪಕ್ಷದ ಶಾಸಕರು, ಹೂಗುಚ್ಛ ಬಿದ್ದ ಆ ಸಭಾಂಗಣದಲ್ಲಿ ಅಂದೂ ಕೂತಿದ್ದರು. ಎಎಫ್‌ಡಿಯ 32 ಸದಸ್ಯರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಮೂರನೇ ಎರಡರಷ್ಟು ಬಹುಮತ ಬೇಕಾಗುವ ಕೆಲಸಗಳು, ನ್ಯಾಯಾಧೀಶರನ್ನು ಆರಿಸುವ ಸಮಿತಿಯ ನೇಮಕ ಸೇರಿದಂತೆ, ಇನ್ನು ಅವರು ಒಪ್ಪದೆ ಆ ಸಭೆಯಲ್ಲಿ ಆಗುವುದಿಲ್ಲ.