ಸೋತವರು ಮತ್ತೆ ನಿಲ್ಲಬೇಕಾ? ಜೇವರ್ಗಿ, ಆಳಂದ, ಅಫಜಲಪುರದ ಲೆಕ್ಕ

ಕೋರ್ಟು ಕಚೇರಿ ಹತ್ತಿದವರ ಬಗ್ಗೆ ನಮ್ಮಲ್ಲೊಂದು ಮಾತಿದೆ: ಗೆದ್ದವನು ಸೋತ, ಸೋತವನು ಸತ್ತ. ಚುನಾವಣೆಗೆ ಮಾತ್ರ ಇದು ಹೊಂದುವುದಿಲ್ಲ. ಇಲ್ಲಿ ಸೋತವರು ಎಣಿಕೆ ಕೇಂದ್ರದಿಂದ ಹೊರಗೆ ಬರುವಾಗಲೇ ಮುಂದಿನ ಸಲದ ಲೆಕ್ಕ ಶುರು ಮಾಡಿರ್ತಾರೆ. ಬೆಂಬಲಿಗರೂ ಬಿಡಲ್ಲ. "ಸಾಹೇಬ್ರು ಮತ್ತ ನಿಂದರ್ತಾರ" ಅನ್ನೋ ಮಾತು ಚಹಾದಂಗಡಿಯಿಂದ ಬೆಂಗಳೂರಿನ ಪಕ್ಷದ ಕಚೇರಿವರೆಗೂ ಹೋಗುತ್ತದೆ.

ನಿಲ್ಲಬೇಕಾ? ಈ ಪ್ರಶ್ನೆಗೆ ಕಲಬುರಗಿ ಜಿಲ್ಲೆಯ ಮೂರು ಕ್ಷೇತ್ರಗಳು ಮೂರು ಬೇರೆ ಬೇರೆ ಉತ್ತರ ಕೊಟ್ಟಿವೆ. ಒಂದೇ ಸೀಮೆ, ತೊಗರಿಯೇ ದೊಡ್ಡ ಬೆಳೆ, ಊರೂರಿಗೆ ನೆಂಟಸ್ತಿಕೆ. ಆದರೆ ಸೋತವರ ಕಥೆ ಮಾತ್ರ ಒಂದೊಂದು ಕಡೆ ಒಂದೊಂದು ಥರ. 2028ರ ವಿಧಾನಸಭಾ ಚುನಾವಣೆಗೆ ಟಿಕೆಟ್ ಮಾತುಕತೆ ಏರುವ ಮುಂಚೆ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

ಸೋತವರಿಗೆ ಕಾನೂನು ಯಾವ ತಡೆಯನ್ನೂ ಹಾಕಿಲ್ಲ. ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಒಂದೇ ಸಲಕ್ಕೆ ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲ ಎಂಬ ಮಿತಿ 1996ರಲ್ಲಿ ಬಂತು, ಅಷ್ಟೇ. ವಿಧಾನಸಭೆಗೆ ಠೇವಣಿ 10 ಸಾವಿರ ರೂಪಾಯಿ, ಲೋಕಸಭೆಗೆ 25 ಸಾವಿರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರ ಅರ್ಧ. ಚಲಾವಣೆಯಾದ ಸಿಂಧು ಮತದಲ್ಲಿ ಆರನೇ ಒಂದು ಭಾಗ ಬರದಿದ್ದರೆ ಆ ದುಡ್ಡು ಹೋಯಿತು. ಬೆಂಗಳೂರಿನ ಹೊಟ್ಟೆ ಪಕ್ಷದ ರಂಗಸ್ವಾಮಿ 80ಕ್ಕೂ ಹೆಚ್ಚು ಚುನಾವಣೆಗಳಿಗೆ ನಿಂತು ಸೋತರೂ ಯಾರೂ ಅವರನ್ನು ತಡೆಯಲಿಲ್ಲ, ತಡೆಯುವಂತೆಯೂ ಇರಲಿಲ್ಲ.

ಹಾಗಾಗಿ ಹಕ್ಕಿನ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಟಿಕೆಟ್ ಬಗ್ಗೆ. ದೊಡ್ಡ ಪಕ್ಷವೊಂದು ಒಂದು ಕ್ಷೇತ್ರದಲ್ಲಿ ಒಬ್ಬರಿಗೆ ಮಾತ್ರ ಬಿ ಫಾರ್ಮ್ ಕೊಡುತ್ತದೆ. ಸೋತವರಿಗೆ ಅದು ಮತ್ತೆ ಸಿಕ್ಕಿತು ಅಂದ್ರೆ ಇನ್ನೊಬ್ಬರಿಗೆ ಐದು ವರ್ಷ ತಪ್ಪಿತು.

ಜೇವರ್ಗಿ: 70 ಮತ

ಧರ್ಮಸಿಂಗ್ 1978ರಿಂದ 2004ರವರೆಗೆ ಜೇವರ್ಗಿಯಿಂದ ಸತತ ಏಳು ಸಲ ಗೆದ್ದರು. 2004ರ ಮೇ ತಿಂಗಳಿಂದ 2006ರ ಫೆಬ್ರುವರಿ ತನಕ ಮುಖ್ಯಮಂತ್ರಿಯಾಗಿದ್ದರು. ಅಂಥವರು 2008ರಲ್ಲಿ ಬಿಜೆಪಿಯ ದೊಡ್ಡಪ್ಪಗೌಡ ಪಾಟೀಲ ನರಿಬೋಳ ಎದುರು ಸೋತರು. ಅಂತರ 70 ಮತ. ಬರೀ 36 ಮಂದಿ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲಿತಾಂಶವೇ ಬೇರೆ ಇರುತ್ತಿತ್ತು.

ಇಷ್ಟು ಸಣ್ಣ ಅಂತರದ ಸೋಲನ್ನು ಜನ ತಿರಸ್ಕರಿಸಿದರು ಅಂತ ಓದೋಕಾಗಲ್ಲ. ಮತ್ತೆ ನಿಲ್ಲಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಆದರೆ ಧರ್ಮಸಿಂಗ್ ಐದು ವರ್ಷ ಕಾಯಲಿಲ್ಲ. ಮರುವರ್ಷವೇ ಬೀದರ್ ಲೋಕಸಭಾ ಕ್ಷೇತ್ರಕ್ಕೆ ಹೋದರು, ಗೆದ್ದರು. 2014ರಲ್ಲಿ ಅಲ್ಲಿಯೇ ಭಗವಂತ ಖೂಬಾ ಎದುರು ಸೋತರು. ಇತ್ತ ಜೇವರ್ಗಿಯಲ್ಲಿ ಮಗ ಅಜಯ್ ಸಿಂಗ್ 2013, 2018, 2023ರಲ್ಲಿ ಗೆದ್ದರು.

ಅವರನ್ನು ಸೋಲಿಸಿದ ದೊಡ್ಡಪ್ಪಗೌಡರ ಕಥೆಯನ್ನೂ ನೋಡಿ. 2018ರಲ್ಲಿ ಬಿಜೆಪಿಯಿಂದ, 2023ರಲ್ಲಿ ಜೆಡಿಎಸ್‌ನಿಂದ ನಿಂತರು. ಎರಡೂ ಸಲ ಸೋತರು. ಚಿಹ್ನೆ ಬದಲಾಯಿತು, ಫಲಿತಾಂಶ ಬದಲಾಗಲಿಲ್ಲ.

ಆಳಂದ: ಒಬ್ಬರಾದ ಮೇಲೆ ಒಬ್ಬರು

ಆಳಂದದಲ್ಲಿ 2004ರಿಂದ ಈಚೆಗೆ ಎರಡೇ ಹೆಸರು. 2004ರಲ್ಲಿ ಬಿ.ಆರ್. ಪಾಟೀಲ, 2008ರಲ್ಲಿ ಸುಭಾಷ್ ಗುತ್ತೇದಾರ, 2013ರಲ್ಲಿ ಪಾಟೀಲ, 2018ರಲ್ಲಿ ಗುತ್ತೇದಾರ, 2023ರಲ್ಲಿ ಮತ್ತೆ ಪಾಟೀಲ. ಪಕ್ಷಗಳು ಬಂದವು, ಹೋದವು. 2013ರಲ್ಲಿ ಪಾಟೀಲರು ಗೆದ್ದಿದ್ದು ಯಡಿಯೂರಪ್ಪನವರ ಕೆಜೆಪಿಯಿಂದ. ಅಂದ್ರೆ ಆಳಂದದ ಇಪ್ಪತ್ತು ವರ್ಷದ ಉತ್ತರ ಇಷ್ಟು: ಸೋತವರು ಮತ್ತೆ ನಿಂತರೆ ಗೆಲ್ಲುತ್ತಾರೆ, ಒಂದು ಸಲ ಬಿಟ್ಟು ಒಂದು ಸಲ.

2018ರಲ್ಲಿ ಪಾಟೀಲರು ಸೋತಿದ್ದು 697 ಮತದಿಂದ. 2023ರಲ್ಲಿ ಗೆದ್ದಿದ್ದು 10,348 ಮತದಿಂದ. ಈ ಎರಡರ ನಡುವೆ ನಡೆದ ಒಂದು ಸಂಗತಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಚುನಾವಣೆಗೆ ಕೆಲವೇ ತಿಂಗಳಿರುವಾಗ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ ಫಾರ್ಮ್ 7 ಅರ್ಜಿಗಳು ರಾಶಿ ಬಿದ್ದವು, ಒಟ್ಟು 6,018. ಆಗ ಶಾಸಕರಲ್ಲದ, ಸೋತ ಅಭ್ಯರ್ಥಿಯಾಗಿದ್ದ ಪಾಟೀಲರು ದೂರು ಕೊಟ್ಟರು. ಅಧಿಕಾರಿಗಳು ಮನೆಮನೆಗೆ ಹೋಗಿ ನೋಡಿದಾಗ ಸರಿಯಾಗಿದ್ದ ಅರ್ಜಿ 24 ಮಾತ್ರ. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ಇದನ್ನು ದೆಹಲಿಯಲ್ಲಿ ಎತ್ತಿದ ಮೇಲೆ ದೇಶಕ್ಕೆಲ್ಲ ಆಳಂದದ ಹೆಸರು ಗೊತ್ತಾಯಿತು, ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ತೀರ್ಮಾನಿಸಬೇಕಾದ್ದು ನ್ಯಾಯಾಲಯ.

ಇಲ್ಲಿ ಗಮನಿಸಬೇಕಾದ್ದು ಬೇರೆ. 697 ಮತದಿಂದ ಸೋತವರಿಗೆ ಪಟ್ಟಿಯ ಒಂದೊಂದು ಹೆಸರಿನ ಬೆಲೆಯೂ ಗೊತ್ತಿರುತ್ತದೆ. ಸೋತ ಮೇಲೂ ಕ್ಷೇತ್ರದಲ್ಲೇ ಇರುವ, ಮುಂದೆ ನಿಲ್ಲುವ ಆಸೆ ಇರುವ ಮನುಷ್ಯನೇ ಪಟ್ಟಿ ತಿರುವಿ ನೋಡುವುದು. ಆ ಆಸೆ ಸ್ವಾರ್ಥದ್ದೇ ಇರಬಹುದು. ಅದರಿಂದ ಲಾಭವಾಗಿದ್ದು ಮಾತ್ರ ಹೆಸರು ಕಳೆದುಕೊಳ್ಳಲಿದ್ದ ಸಾವಿರಾರು ಜನರಿಗೆ, ಅವರು ಯಾರಿಗೇ ಮತ ಹಾಕುವವರಿರಲಿ.

ಅಫಜಲಪುರ: ಪಕ್ಷ ಅದಲು ಬದಲು

ಅಫಜಲಪುರದ ಗುತ್ತೇದಾರರು ಬೇರೆಯವರು. ಹೆಸರು ನೋಡಿ ಗೊಂದಲ ಬೇಡ. ಮಾಲೀಕಯ್ಯ ಗುತ್ತೇದಾರ ಇಲ್ಲಿಂದ ಆರು ಸಲ ಶಾಸಕರಾದವರು. 2013ರಲ್ಲಿ ಅವರು ಕಾಂಗ್ರೆಸ್‌ನಿಂದ ನಿಂತು ಕೆಜೆಪಿಯ ಎಂ.ವೈ. ಪಾಟೀಲರನ್ನು ಸೋಲಿಸಿದರು. 2018ರ ಚುನಾವಣೆ ಹೊಸ್ತಿಲಲ್ಲಿ ಮಾಲೀಕಯ್ಯ ಬಿಜೆಪಿಗೆ ಹೋದರು, ಪಾಟೀಲರು ಕಾಂಗ್ರೆಸ್‌ಗೆ ಬಂದರು. ಈ ಸಲ ಪಾಟೀಲರು ಸುಮಾರು 10 ಸಾವಿರ ಮತದಿಂದ ಗೆದ್ದರು. ಸೋತವರು ಮತ್ತೆ ನಿಂತು ಗೆದ್ದ ಇನ್ನೊಂದು ಉದಾಹರಣೆ ಇದು.

ಹಾಗಾದರೆ ಮಾಲೀಕಯ್ಯನವರೂ 2023ರಲ್ಲಿ ಹಾಗೇ ವಾಪಸ್ ಬರಬೇಕಿತ್ತಲ್ಲ? ಬರಲಿಲ್ಲ. ಬಿಜೆಪಿ ಅವರಿಗೇ ಟಿಕೆಟ್ ಕೊಟ್ಟಿತು. ತಮ್ಮ ನಿತಿನ್ ಗುತ್ತೇದಾರ ಪಕ್ಷೇತರರಾಗಿ ನಿಂತರು. ಪಾಟೀಲರು ಗೆದ್ದರು, ನಿತಿನ್ ಎರಡನೇ ಸ್ಥಾನಕ್ಕೆ ಬಂದರು, ಆರು ಸಲದ ಶಾಸಕರು ಮೂರನೇ ಸ್ಥಾನಕ್ಕಿಳಿದರು. 2018ರಲ್ಲಿ 61 ಸಾವಿರ ಇದ್ದ ಅವರ ಮತ 2023ರಲ್ಲಿ 31 ಸಾವಿರದ ಆಸುಪಾಸಿಗೆ ಬಂತು.

ಅಣ್ಣ ತಮ್ಮನ ಮತ ಕೂಡಿಸಿದರೆ ಗೆದ್ದವರಿಗಿಂತ 25 ಸಾವಿರಕ್ಕೂ ಹೆಚ್ಚಾಗುತ್ತದೆ. ಹಾಗಂತ "ಒಟ್ಟಿಗಿದ್ದಿದ್ದರೆ ಗೆಲ್ಲುತ್ತಿದ್ದರು" ಅಂತ ಹೇಳಿಬಿಡುವುದು ಸುಲಭ. ಆದರೆ ತಮ್ಮನಿಗೆ ಬಿದ್ದ ಮತದಲ್ಲಿ ಅಣ್ಣ ಬೇಡ ಅಂತ ಬಿದ್ದ ಮತ ಎಷ್ಟು? ಅವು ಅಣ್ಣನಿಗೆ ಬರುತ್ತಿದ್ದವು ಅಂತ ಯಾವ ಲೆಕ್ಕದಲ್ಲಿ ಹಿಡಿಯೋದು? ಕೂಡುವ ಲೆಕ್ಕ ಗಣಿತದಲ್ಲಿ ಸರಿ, ಮತಪೆಟ್ಟಿಗೆಯಲ್ಲಿ ಅಲ್ಲ. 2024ರ ಏಪ್ರಿಲ್‌ನಲ್ಲಿ ಬಿಜೆಪಿ ನಿತಿನ್ ಅವರನ್ನು ಸೇರಿಸಿಕೊಂಡಿತು, ಮಾಲೀಕಯ್ಯ ಕಾಂಗ್ರೆಸ್‌ಗೆ ಮರಳಿದರು. ತನ್ನದೇ ಅಭ್ಯರ್ಥಿಯ ಎದುರು ಪಕ್ಷೇತರರಾಗಿ ನಿಂತವರನ್ನು ಪಕ್ಷ ಕರೆದುಕೊಂಡಿತು ಅಂದ್ರೆ ಯಾರ ಮತ ಎಷ್ಟು ಅಂತ ಪಕ್ಷಕ್ಕೂ ಗೊತ್ತಾಗಿತ್ತು ಅಂತಲೇ ಅರ್ಥ.

ಸೋತು, ಮತ್ತೆ ನಿಲ್ಲದವರು

ಈ ಮೂರರಲ್ಲಿ ಅಫಜಲಪುರ ಮತ್ತು ಜೇವರ್ಗಿ ಕಲಬುರಗಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಆಳಂದ ಬೀದರ್‌ಗೆ. ಕಲಬುರಗಿಯಲ್ಲಿ 2019ರಲ್ಲಿ 'ಸೋಲಿಲ್ಲದ ಸರದಾರ' ಮಲ್ಲಿಕಾರ್ಜುನ ಖರ್ಗೆ ಉಮೇಶ ಜಾಧವ ಎದುರು 95,452 ಮತದಿಂದ ಸೋತರು. 1972ರಿಂದ ಅಲ್ಲಿಯವರೆಗೆ ಅವರು ನೇರ ಚುನಾವಣೆಯಲ್ಲಿ ಸೋತವರಲ್ಲ. 2020ರಲ್ಲಿ ರಾಜ್ಯಸಭೆಗೆ ಹೋದರು, ಮರುವರ್ಷ ಅಲ್ಲಿ ವಿರೋಧ ಪಕ್ಷದ ನಾಯಕರಾದರು. 2022ರ ಅಕ್ಟೋಬರ್‌ನಲ್ಲಿ ಶಶಿ ತರೂರ್ ಅವರನ್ನು 7,897 - 1,072 ಮತಗಳಿಂದ ಸೋಲಿಸಿ ಕಾಂಗ್ರೆಸ್ ಅಧ್ಯಕ್ಷರಾದರು. 2024ರಲ್ಲಿ ಕಲಬುರಗಿಯಿಂದ ಮತ್ತೆ ನಿಲ್ಲಲಿಲ್ಲ. ಅಳಿಯ ರಾಧಾಕೃಷ್ಣ ದೊಡ್ಡಮನಿ ನಿಂತು 27,205 ಮತದಿಂದ ಗೆದ್ದರು.

ಸೋತವರೇ ನಿಲ್ಲದಿದ್ದರೂ ಪಕ್ಷ ಕ್ಷೇತ್ರವನ್ನು ವಾಪಸ್ ಪಡೆಯಬಹುದು ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಜೇವರ್ಗಿಯಲ್ಲಿ ಮಗ, ಕಲಬುರಗಿಯಲ್ಲಿ ಅಳಿಯ. ಹಿರಿಯರು ಹಿಂದೆ ಸರಿದಾಗ ಜಾಗ ಖಾಲಿಯಾಗಲಿಲ್ಲ, ಮನೆಯೊಳಗೇ ಉಳಿಯಿತು.

ರಾಷ್ಟ್ರಪತಿ ಚುನಾವಣೆಯಲ್ಲೂ ಹೀಗೊಂದು ಕಥೆ ಇದೆ, ಅದು ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ. 1969ರ ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ದಿನಗಳಲ್ಲಿ ಪಕ್ಷ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿತು. ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು, ವಿ.ವಿ. ಗಿರಿ ಗೆದ್ದರು. ರೆಡ್ಡಿ 1971ರ ಲೋಕಸಭಾ ಚುನಾವಣೆಯಲ್ಲೂ ಸೋತು ಊರಲ್ಲಿ ಕೃಷಿ ಮಾಡಿಕೊಂಡಿದ್ದರು. 1974ರ ರಾಷ್ಟ್ರಪತಿ ಚುನಾವಣೆಗೆ ನಿಲ್ಲಲಿಲ್ಲ. ತುರ್ತುಪರಿಸ್ಥಿತಿ ಮುಗಿದ ಮೇಲೆ 1977ರಲ್ಲಿ ನಂದ್ಯಾಲದಿಂದ ಲೋಕಸಭೆಗೆ ಗೆದ್ದರು, ಸ್ಪೀಕರ್ ಆದರು, ಅದೇ ಜುಲೈನಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಹಂಗಾಮಿ ರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರ ನಂತರ ಆ ಕುರ್ಚಿಗೆ ಬಂದವರು ಅವರೇ. ಅಮೆರಿಕದಲ್ಲಿ 1960ರಲ್ಲಿ ಸೋತ ನಿಕ್ಸನ್ 1968ರಲ್ಲಿ, 2020ರಲ್ಲಿ ಸೋತ ಟ್ರಂಪ್ 2024ರಲ್ಲಿ ಗೆದ್ದರು. 1952ರಲ್ಲಿ ಸೋತ ಸ್ಟೀವನ್‌ಸನ್ 1956ರಲ್ಲಿ ಮತ್ತೆ ನಿಂತು ಮತ್ತೆ ಸೋತರು. ಮೊದಲ ಸೋಲು ಎರಡನೆಯದನ್ನು ನಿರ್ಧರಿಸುವುದಿಲ್ಲ. ನಡುವೆ ಏನು ಬದಲಾಯಿತು ಅನ್ನೋದು ನಿರ್ಧರಿಸುತ್ತದೆ.

ಕಾಯುವುದೇ ಕೆಲಸವಾದರೆ

ಕರ್ನಾಟಕದಲ್ಲಿ 1985ರ ನಂತರ ಯಾವ ಆಡಳಿತ ಪಕ್ಷವೂ ಸತತ ಎರಡನೇ ಸಲ ಗೆದ್ದು ಬಂದಿಲ್ಲ. ಸೋತವರು ಇದರಿಂದ ಕಲಿತ ಪಾಠ ಸರಳ: ಏನೂ ಮಾಡಬೇಡಿ, ಸುಮ್ಮನೆ ಕಾಯಿರಿ. ಗೆದ್ದವರ ಮೇಲೆ ಜನರಿಗೆ ಬೇಸರ ಬರುತ್ತದೆ, ಆಗ ಪಕ್ಕದಲ್ಲಿ ನೀವಿದ್ದರೆ ಸಾಕು.

ಇದರ ನಷ್ಟ ಬೀಳುವುದು ಕ್ಷೇತ್ರದ ಮೇಲೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಊರುಗಳಿಗೆ ನುಗ್ಗಿತು. ಬೇಸಿಗೆ ಬಂದರೆ ಅದೇ ನದಿಯಲ್ಲಿ ನೀರಿಗೆ ಪರದಾಟ. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗ, ಬೆಳೆ ವಿಮೆ ಬಾರದಿದ್ದಾಗ, ತೊಗರಿ ಖರೀದಿ ಕೇಂದ್ರ ತಡವಾಗಿ ತೆರೆದಾಗ ಶಾಸಕರನ್ನು ಪ್ರಶ್ನಿಸಲು ಊರಲ್ಲಿ ಒಬ್ಬರು ಬೇಕು. ಸೋತ ಅಭ್ಯರ್ಥಿಗೆ ಹುದ್ದೆ ಇಲ್ಲ, ಸರ್ಕಾರಿ ಕಾರಿಲ್ಲ, ಆದರೆ ಐವತ್ತು ಅರವತ್ತು ಸಾವಿರ ಜನ ಒತ್ತಿದ ಗುಂಡಿಯ ಬಲ ಇದೆ. ಅದನ್ನು ಐದು ವರ್ಷ ಬಳಸದವರು ಆರನೇ ವರ್ಷ ಮತ್ತೆ ಕೇಳುವುದು ಯಾವ ನ್ಯಾಯ?

ಟಿಕೆಟ್ ಕೊಡುವ ಮುಂಚೆ ನಾಲ್ಕು ಪ್ರಶ್ನೆ

ಒಂದು, ಎಷ್ಟು ಮತದಿಂದ ಸೋತರು, ಆ ಮತ ಯಾವ ಊರಲ್ಲಿ ಹೋಯಿತು? ಮತಗಟ್ಟೆವಾರು ಲೆಕ್ಕ ಫಾರ್ಮ್ 20ರಲ್ಲಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಅದನ್ನು ಓದದ ಅಭ್ಯರ್ಥಿ ಸೋಲನ್ನೇ ಓದಿಲ್ಲ.

ಎರಡು, ಸೋತಿದ್ದು ಪಕ್ಷವೋ, ವ್ಯಕ್ತಿಯೋ? ರಾಜ್ಯದ ಗಾಳಿಗೆ ಸಿಕ್ಕಿ ಸೋತವರಿಗೆ ಇನ್ನೊಂದು ಅವಕಾಶ ನ್ಯಾಯ. ಪಕ್ಷ ಗೆದ್ದ ಕಡೆಯೂ ಸೋತವರು, ಚಿಹ್ನೆ ಬದಲಿಸಿದರೂ ಸೋತವರು ಬೇರೆ ಕಾರಣ ಹುಡುಕಬೇಕು.

ಮೂರು, ನಡುವಿನ ಐದು ವರ್ಷ ಎಲ್ಲಿದ್ದರು?

ನಾಲ್ಕು, ಅವರ ಹಿಂದೆ ಯಾರು ನಿಂತಿದ್ದಾರೆ? ಹತ್ತು ವರ್ಷ ಬೂತ್ ಕೆಲಸ ಮಾಡಿದ ಕಾರ್ಯಕರ್ತ, ಜಿಲ್ಲಾ ಪಂಚಾಯಿತಿ ಗೆದ್ದ ಮಹಿಳೆ ಸಾಲಿನಲ್ಲಿದ್ದರೆ ಅವರ ಅವಕಾಶಕ್ಕೂ ಬೆಲೆ ಕಟ್ಟಬೇಕು.

ಈ ನಾಲ್ಕನ್ನು ಇಟ್ಟು ನೋಡಿದರೆ ನನಗೆ ಕಾಣುವ ಉತ್ತರ ಹೀಗಿದೆ. 70 ಅಥವಾ 697 ಮತದಿಂದ ಸೋತು, ಕ್ಷೇತ್ರ ಬಿಡದೆ ಕೆಲಸ ಮಾಡಿದವರು ಖಂಡಿತ ಮತ್ತೆ ನಿಲ್ಲಬೇಕು. ಅವರನ್ನು ಕೂರಿಸುವುದು ಕ್ಷೇತ್ರಕ್ಕೇ ನಷ್ಟ. ಸತತ ಎರಡು ಸಲ ಸೋತು, ಎರಡನೇ ಸಲ ಮತ ಅರ್ಧಕ್ಕಿಳಿದಿದ್ದರೆ ಜನ ಹೇಳುವುದನ್ನು ಹೇಳಿಯಾಗಿದೆ. ಇನ್ನು ಪಕ್ಷ ಬದಲಿಸಿದರೆ ಅದೇ ಪ್ರಶ್ನೆ ಮತ್ತೆ ಕೇಳಿದಂತೆ. ಹಿಂದೆ ಸರಿಯುವವರು ಮಗನಿಗೋ ಅಳಿಯನಿಗೋ ಜಾಗ ಬಿಟ್ಟುಕೊಟ್ಟು ಅದನ್ನು ತ್ಯಾಗ ಅನ್ನಬಾರದು.

ಪಕ್ಷಗಳು ಈ ಲೆಕ್ಕ ಹಾಕುತ್ತವೆ ಅಂತ ನಂಬಿ ಕೂರಬೇಕಿಲ್ಲ. ಜಾತಿ, ದುಡ್ಡು, ಸಮೀಕ್ಷೆ ಎಲ್ಲ ಮುಗಿದ ಮೇಲೆ ಕೊನೆಗೆ ಅಭ್ಯರ್ಥಿ ಬರಬೇಕಾದ್ದು ಮನೆ ಬಾಗಿಲಿಗೇ. ಆಗ ಕೈ ಮುಗಿದು ನಿಂತವರಿಗೆ ಕೇಳಬೇಕಾದ್ದು ಮೂರನೇ ಪ್ರಶ್ನೆ ಒಂದೇ, ನಮ್ಮ ಕಡೆಯ ಮಾತಲ್ಲೇ: "ಐದು ವರ್ಷ ಎಲ್ಲಿದ್ರಿ, ಸಾಹೇಬ್ರ?"