ಅಜ್ಜಿಯ ಅಜ್ಜಿಯ ಹೆಸರೇನು?

ಡೊಂಬಿವಲಿ, ಠಾಣೆಯಲ್ಲಿರುವ ನಮ್ಮವರಲ್ಲಿ ಅನೇಕರಿಗೆ ಅಜ್ಜಿಯ ಅಜ್ಜಿಯ ಹೆಸರು ಗೊತ್ತಿಲ್ಲ. ಜನಗಣತಿಯಲ್ಲಿ ಹುಡುಕೋಣವೆಂದರೆ ಅಲ್ಲೂ ಸಿಗದು. 1881ರಲ್ಲಿ ದೇಶದಾದ್ಯಂತ ಏಕಕಾಲಕ್ಕೆ ಗಣತಿಯಾಯಿತು ನಿಜ. ಆದರೆ ನಮಗೆ ಓದಲು ಸಿಗುವುದು ಅಂಕಿಗಳ ಕೋಷ್ಟಕ ಮಾತ್ರ. 1948ರ ಜನಗಣತಿ ಕಾಯ್ದೆಯಂತೂ ವ್ಯಕ್ತಿಗತ ವಿವರವನ್ನು ಗುಟ್ಟಾಗಿಡುತ್ತದೆ. ಅಲ್ಲಿ ಅವಳು ಬರೀ ಒಂದು ಸಂಖ್ಯೆ.

ನಿಮ್ಮದು ದಕ್ಷಿಣ ಕನ್ನಡ, ಉಡುಪಿ ಕಡೆಯ ಅಳಿಯಸಂತಾನದ ಮನೆತನವೇ? ಹಾಗಾದರೆ ಹಳೇ ಪಾಲುಪತ್ರ ತೆಗೆಯಿರಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕನ್ನು ಕವರಿಗೆ ಕೊಟ್ಟಿತು. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಸಂತಾನದ ಎಲ್ಲರೂ. ವಂಶವೃಕ್ಷ ಬರೆಯುವಾಗ ಬುಡದಲ್ಲಿ ಅವಳ ಹೆಸರು ಬರಲೇಬೇಕಲ್ಲ! ಊರಿಗೆ ಹೋದಾಗ ಪೆಟ್ಟಿಗೆ ತೆರೆದು ನೋಡಿ. ಗೆದ್ದಲು ನಮಗಾಗಿ ಕಾಯುವುದಿಲ್ಲ.