ಮಧ್ಯರಾತ್ರಿಯ ಅಲರ್ಜಿ ಮತ್ತು ಉಣುಗು

ಉಣುಗು ಕಚ್ಚಿದವರಿಗೆ ಮಾಂಸ ಒಗ್ಗದಂತಾಗುವ ಈ ಕಾಯಿಲೆಯ ಮೊದಲ ಸುಳಿವು ಸಿಕ್ಕಿದ್ದು ಅಡುಗೆಮನೆಯಲ್ಲೂ ಅಲ್ಲ, ಕಾಡಿನಲ್ಲೂ ಅಲ್ಲ, ಕ್ಯಾನ್ಸರ್ ವಾರ್ಡಿನಲ್ಲಿ. ಸೆಟುಕ್ಸಿಮ್ಯಾಬ್ ಎಂಬ ಔಷಧಿಯ ಮೊದಲ ಡೋಸಿಗೇ ಅಮೆರಿಕದ ಟೆನೆಸಿ, ನಾರ್ತ್ ಕೆರೊಲಿನಾ ಭಾಗದ ಹಲವು ರೋಗಿಗಳ ಜೀವಕ್ಕೆ ಕುತ್ತು ಬಂತು. 2007ರ ವರದಿಯ ಪ್ರಕಾರ ಅಲ್ಲಿ ತೀವ್ರ ಅಲರ್ಜಿಗೆ ತುತ್ತಾದವರು ಶೇ 22. ದೇಶದ ಒಟ್ಟಾರೆ ಲೆಕ್ಕ ಶೇ 3ರ ಆಸುಪಾಸು. ಔಷಧಿ ಒಂದೇ ಆಗಿರುವಾಗ ಊರಿನಿಂದ ಊರಿಗೆ ಇಷ್ಟು ಅಂತರವೇಕೆ?

ವರ್ಜೀನಿಯಾ ವಿಶ್ವವಿದ್ಯಾಲಯದ ಥಾಮಸ್ ಪ್ಲಾಟ್ಸ್-ಮಿಲ್ಸ್ ತಂಡ 2008ರಲ್ಲಿ ಅರ್ಧ ಉತ್ತರ ಕೊಟ್ಟಿತು. ಇಲಿಯ ಜೀವಕೋಶಗಳಲ್ಲಿ ತಯಾರಾಗುವ ಆ ಔಷಧಿಯಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ಅಂಶವಿದೆ. ದನ, ಕುರಿ, ಹಂದಿಗಳ ದೇಹದಲ್ಲೂ ಅದಿದೆ, ಮನುಷ್ಯರಲ್ಲಿಲ್ಲ. ಆ ರೋಗಿಗಳ ರಕ್ತದಲ್ಲಿ ಔಷಧಿ ಕೊಡುವ ಮೊದಲೇ ಆ ಸಕ್ಕರೆಯ ವಿರುದ್ಧ ಅಲರ್ಜಿ ತರುವ ಐಜಿಇ ಪ್ರತಿಕಾಯಗಳಿದ್ದವು. ಅವು ಬಂದದ್ದೆಲ್ಲಿಂದ? ರೋಗಿಗಳ ಊರುಗಳ ನಕ್ಷೆ, ಉಣುಗಿನಿಂದ ಹರಡುವ ರಾಕಿ ಮೌಂಟನ್ ಜ್ವರದ ನಕ್ಷೆಗೆ ಹೆಚ್ಚುಕಡಿಮೆ ಹೊಂದುತ್ತಿತ್ತು.

ಅದೇ ಹೊತ್ತಿಗೆ ಸಿಡ್ನಿಯ ವೈದ್ಯೆ ಶೆರಿಲ್ ವ್ಯಾನ್ ನ್ಯೂನೆನ್, ಮಾಂಸದ ಅಲರ್ಜಿಯೆಂದು ಬಂದವರನ್ನು ಉಣುಗು ಕಚ್ಚಿತ್ತೇ ಎಂದೂ ವಿಚಾರಿಸುತ್ತಿದ್ದರು. 2009ರಲ್ಲಿ ಅವರು ವರದಿ ಮಾಡಿದ 25 ಮಂದಿಯಲ್ಲಿ ಬಹುತೇಕರಿಗೆ ಉಣುಗು ಕಚ್ಚಿ ದೊಡ್ಡದಾಗಿ ಊದಿಕೊಂಡ ಚರಿತ್ರೆಯಿತ್ತು. ಈ ಕ್ಷೇತ್ರದ ನಿಜವಾದ ತಿರುವು ನನಗೆ ಕಾಣುವುದು ಇಲ್ಲಿಯೇ. ರೋಗಿ ಎಲ್ಲಿ ಓಡಾಡಿದ ಎಂದು ಕೇಳುವಷ್ಟು ವ್ಯವಧಾನ ಈ ವೈದ್ಯೆಗಿತ್ತು.

ಅದೇ ವರ್ಷ ಸ್ಕಾಟ್ ಕಮಿನ್ಸ್ ಮತ್ತು ಪ್ಲಾಟ್ಸ್-ಮಿಲ್ಸ್ ಇದೇ ಮಾಂಸದ ಅಲರ್ಜಿಯ 24 ರೋಗಿಗಳ ವಿವರ ಪ್ರಕಟಿಸಿದರು. ಶೇಂಗಾ ಅಲರ್ಜಿ ನಿಮಿಷಗಳಲ್ಲಿ ಕಾಣಿಸಿಕೊಂಡರೆ, ಇದು ಉಂಡ ಮೂರರಿಂದ ಆರು ಗಂಟೆಗಳ ಮೇಲೆ. ರಾತ್ರಿ ಮಾಂಸದೂಟ ಮಾಡಿ ಮಲಗಿದವರು ನಡುರಾತ್ರಿ ಮೈತುಂಬಾ ದದ್ದು, ಹೊಟ್ಟೆನೋವು, ಉಸಿರುಗಟ್ಟುವಿಕೆಯಿಂದ ಎದ್ದು ಕೂರುತ್ತಾರೆ. ಆಗ ಊಟದ ಮೇಲೆ ಅನುಮಾನ ಹೋಗುವುದೇ ಇಲ್ಲ. ಕೊಬ್ಬಿನ ಜೊತೆ ಈ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುವುದೇ ತಡಕ್ಕೆ ಕಾರಣವಿರಬೇಕೆಂಬುದು ಸಂಶೋಧಕರ ಊಹೆ.

ಈ ಪ್ರತಿಕಾಯಗಳಿಗೆ ಕಾರಣ ಯಾವುದೆಂದು ಹುಡುಕಿದ ಅದೇ ತಂಡದ 2011ರ ಲೇಖನ ಅಮೆರಿಕದ ಲೋನ್ ಸ್ಟಾರ್ ಉಣುಗಿನತ್ತ ಬೆರಳು ತೋರಿಸಿತು. ಬೆಟ್ಟ ಹತ್ತಿ ಮರಿ ಉಣುಗುಗಳಿಂದ ಕಚ್ಚಿಸಿಕೊಂಡ ಪ್ಲಾಟ್ಸ್-ಮಿಲ್ಸ್ ಅವರಿಗೇ ಮುಂದೆ ಕುರಿಮಾಂಸ ಒಗ್ಗದಾಯಿತು. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಯುರೋಪಿನ ಉಣುಗಿನ ಕರುಳಿನಲ್ಲೇ ಆಲ್ಫಾ-ಗ್ಯಾಲ್ ಪತ್ತೆಮಾಡಿದರು.

ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದಂತೆ, 2010ರಿಂದ 2022ರ ನಡುವೆ ಶಂಕಿತ ಪ್ರಕರಣಗಳು 1,10,000ಕ್ಕೂ ಹೆಚ್ಚು. ಬಾಧಿತರು 4,50,000ದವರೆಗೂ ಇರಬಹುದು. ಅದೇ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ 42ರಷ್ಟು ವೈದ್ಯಕೀಯ ಸಿಬ್ಬಂದಿ ಈ ಕಾಯಿಲೆಯ ಹೆಸರನ್ನೇ ಕೇಳಿರಲಿಲ್ಲ. ಈ ಅಂಕಿ ನನ್ನನ್ನು ಕಳವಳಕ್ಕೀಡುಮಾಡುತ್ತದೆ. ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿದ್ದ ಸಂಗತಿಗೆ ರೋಗಿಗಳು ವರ್ಷಗಟ್ಟಲೆ ಆಸ್ಪತ್ರೆ ಅಲೆದಿದ್ದಾರೆ.

ನಾರ್ತ್ ಕೆರೊಲಿನಾ, ವರ್ಜೀನಿಯಾಗಳಲ್ಲಿ ನೆಲೆಸಿ ವಾರಾಂತ್ಯಕ್ಕೆ ಟ್ರೆಕಿಂಗ್ ಹೋಗುವ ಕನ್ನಡಿಗರಿಗೆ ಇದು ದೂರದ ಮಾತಲ್ಲ. ನಾವು ಮಾಂಸ ತಿನ್ನುವುದಿಲ್ಲವೆಂದು ಸಸ್ಯಾಹಾರಿಗಳು ನಿಶ್ಚಿಂತರಾಗಿರುವಂತೆಯೂ ಇಲ್ಲ. ಹಾಲು, ಬೆಣ್ಣೆ, ಐಸ್‌ಕ್ರೀಂ ಕೆಲವರಿಗೆ ಆಗಿಬರುವುದಿಲ್ಲ. ಔಷಧಿಯ ಕ್ಯಾಪ್ಸೂಲಿನ ಜೆಲಟಿನ್ ಕೂಡ ಕೆಲವರಿಗೆ ತೊಂದರೆ ಕೊಡುತ್ತದೆ. ಕೋಳಿ, ಮೀನಿನಲ್ಲಿ ಈ ಸಕ್ಕರೆ ಇಲ್ಲ.

ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಉಣುಗು ಮತ್ತೆ ಕಚ್ಚದಿದ್ದರೆ ಹಲವರಲ್ಲಿ ಪ್ರತಿಕಾಯಗಳು ವರ್ಷಗಳಲ್ಲಿ ಇಳಿಯುತ್ತವೆ, ಕಚ್ಚಿದರೆ ಮತ್ತೆ ಏರಬಹುದು. ಹಾಗಾಗಿ ಪರ್ಮೆಥ್ರಿನ್ ಹಾಕಿದ ಬಟ್ಟೆ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಮನೆಗೆ ಬಂದೊಡನೆ ಕಂಕುಳು, ಮೊಣಕಾಲ ಸಂದು ನೋಡಿಕೊಳ್ಳುವ ರೂಢಿ ಇವೂ ಸದ್ಯದ ಚಿಕಿತ್ಸೆಯ ಮುಖ್ಯ ಭಾಗ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಗೆ ಹೆದರಿ ಡೆಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವ ಮಲೆನಾಡಿನವರಿಗೆ ಈ ಎಚ್ಚರ ಹೊಸದೇನಲ್ಲ. ಆದರೆ ಕಾರಣ ತಿಳಿಯದ ನಡುರಾತ್ರಿಯ ದದ್ದಿಗೆ ಮದ್ದು ಬರೆಯುವಾಗ, ಉಣುಗು ಕಚ್ಚಿತ್ತೇ, ಸಂಜೆ ಏನು ಉಂಡಿರಿ ಎಂಬ ಎರಡು ಪ್ರಶ್ನೆಗಳನ್ನು ನಮ್ಮ ವೈದ್ಯರೂ ಕೇಳತೊಡಗಬೇಕು.